ಬಚ್ಚಲಲ್ಲಿ ಮೂಡಿದ ನಂದಿ

ಮೈಸೂರಿನ ಸರಸ್ವತೀಪುರಂನ ಒಂದು ಹೆಂಚಿನ ಮನೆಯಲ್ಲಿ ತಿಂಗಳಿಗೆ ಎರಡೋ ಮೂರೋ ರಾತ್ರಿ ಬಚ್ಚಲುಮನೆಗೆ ಯಾರೂ ಹೋಗುವಂತಿಲ್ಲ. ಒಂಬತ್ತಕ್ಕೆ ಊಟ ಮುಗಿಯಿತೆಂದರೆ ಮನೆಯ ಹಿರಿಯರು, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಪಂಚೆ ಎತ್ತಿ ಕಟ್ಟಿ ಕೆಲಸಕ್ಕೆ ಇಳಿಯುತ್ತಾರೆ. ಒಂದು ಬದಿಯ ಕಡಪ ಕಲ್ಲಿನ ಕಟ್ಟೆಯ ಮೇಲೆ ಫೋಟೋ ಹಿಗ್ಗಿಸುವ ಎನ್‌ಲಾರ್ಜರ್ ಬಂದು ಕೂರುತ್ತದೆ. ಎದುರಿಗೆ ಹಂಡೆಯ ಬಾಯಿಗೆ ಹಲಗೆ ಮುಚ್ಚಿ, ಅದರಿಂದ ಒಗೆಯುವ ಕಲ್ಲಿನವರೆಗೆ ಮೂರು ಟ್ರೇ ಸಾಲಾಗಿ ಇಡುತ್ತಾರೆ. ಕಿಟಕಿಗೆ ಅಳತೆಗೆ ಕತ್ತರಿಸಿಟ್ಟ ರಟ್ಟು, ರಟ್ಟಿನ ಮೇಲೆ ಎರಡು ಪದರ ಛತ್ರಿ ಬಟ್ಟೆ. ಬಾಗಿಲ ಕೆಳಗಿನ ಸಂದಿಗೆ ಸುತ್ತಿ ತುರುಕಿದ ಹಳೆಯ ಟವೆಲು.

ಇಷ್ಟಾದ ಮೇಲೆ ದೀಪ ಆರಿಸಿ ಮಣೆಯ ಮೇಲೆ ಸುಮ್ಮನೆ ಕೂರುತ್ತಾರೆ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಕತ್ತಲೆ ಪೂರ್ತಿಯಾಗಿದೆ ಎನ್ನಿಸುತ್ತದೆ. ಕಣ್ಣು ಪಳಗುತ್ತಾ ಬಂದಂತೆ ಒಂದೊಂದೇ ಕಳ್ಳಬೆಳಕು ಹೊರಬೀಳುತ್ತದೆ. ಹೆಂಚಿನ ಸಂದಿಯಲ್ಲಿ ಬೀದಿದೀಪದ ಒಂದು ಗೆರೆ, ಬಾಗಿಲ ಚಿಲಕದ ತೂತಿನಲ್ಲಿ ಒಂದು ಚುಕ್ಕಿ. ಅವೆಲ್ಲಕ್ಕೂ ಕಪ್ಪು ಟೇಪು ಅಂಟಿಸಬೇಕು. ಐದು ನಿಮಿಷ ಕೂತರೂ ಚಾಚಿದ ಅಂಗೈ ಕಾಣದಿದ್ದರೆ ಅದು ಡಾರ್ಕ್‌ರೂಮ್. ಕಂಡರೆ ಇನ್ನೂ ಬಚ್ಚಲುಮನೆ.

ಒಂದು ರಾತ್ರಿ ನಾನೂ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಷರತ್ತು ಎರಡೇ: ಯಾವುದನ್ನೂ ಮುಟ್ಟಬಾರದು, ಮೊಬೈಲು ಹೊರಗೆ ಬಿಟ್ಟು ಬರಬೇಕು. ಅಂದು ಆಗಬೇಕಿದ್ದದ್ದು ಒಂದೇ ಒಂದು ಪ್ರಿಂಟು. ಚಾಮುಂಡಿ ಬೆಟ್ಟದ ನಂದಿಯದು.

ಮೊದಲು ಹೊತ್ತಿಕೊಂಡದ್ದು ಕೆಂಪು ದೀಪ. ದೇವರ ಪಟದ ಮುಂದೆ ಉರಿಯುವ ಜೀರೋ ಬಲ್ಬಿನಷ್ಟೇ ಮಂದ. ಆದರೆ ಆ ಬಲ್ಬೇ ಇಲ್ಲಿ ನಡೆಯುವುದಿಲ್ಲ ಎಂದರು ಮೇಷ್ಟ್ರು. ಅಗ್ಗದ ಕೆಂಪು ಬಲ್ಬಿನ ಬಣ್ಣ ತೆಳು. ಸಂದಿನಲ್ಲಿ ಬಿಳಿ ಬೆಳಕೂ ನುಸುಳುತ್ತದೆ. ಫೋಟೋ ಪೇಪರಿನ ಮೇಲೆ ಸವರಿರುವ ಬೆಳ್ಳಿಯ ಲವಣ ನೀಲಿ ಮತ್ತು ಹಸಿರು ಬೆಳಕಿಗೆ ಓಗೊಡುತ್ತದೆ, ಶುದ್ಧ ಕೆಂಪಿಗೆ ಕುರುಡು. ಈ ಕುರುಡುತನದ ಪುಣ್ಯದಿಂದಲೇ ಪ್ರಿಂಟು ಮಾಡುವವನು ತನ್ನ ಕೈ ಕೆಲಸ ತಾನೇ ನೋಡಬಲ್ಲ. ಕ್ಯಾಮೆರಾದ ಫಿಲಂ ಹಾಗಲ್ಲ. ಅದಕ್ಕೆ ಎಲ್ಲ ಬಣ್ಣವೂ ಕಾಣುವುದರಿಂದ ಅದನ್ನು ತೊಳೆಯುವಾಗ ಕೆಂಪು ದೀಪವೂ ಇಲ್ಲದ ಕತ್ತಲು ಬೇಕು. ತಮ್ಮ ದೀಪ ನಂಬಿಕಸ್ತವೋ ಅಲ್ಲವೋ ಎಂದು ಮೇಷ್ಟ್ರು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ಪೇಪರಿನ ತುಣುಕನ್ನು ಕೆಂಪು ಬೆಳಕಿನಲ್ಲಿ ಹರಡಿ, ಮೇಲೊಂದು ರೂಪಾಯಿ ನಾಣ್ಯ ಇಟ್ಟು, ಐದು ನಿಮಿಷ ಬಿಟ್ಟು, ಆಮೇಲೆ ತೊಳೆಯುವುದು. ಪೇಪರು ಪೂರ್ತಿ ಬೆಳ್ಳಗೆ ಉಳಿದರೆ ಸರಿ. ಸುತ್ತ ಬೂದಿಯಾಗಿ ನಾಣ್ಯದ ಗುಂಡು ಮಾತ್ರ ಬೆಳ್ಳಗೆ ಉಳಿದರೆ ದೀಪ ಕಳ್ಳ.

ಕೋಣೆಯಲ್ಲಿ ಎರಡು ಬದಿ. ಎನ್‌ಲಾರ್ಜರ್, ಪೇಪರು, ನೆಗೆಟಿವ್ ಇರುವುದು ಒಣ ಬದಿ. ಟ್ರೇಗಳಿರುವುದು ಒದ್ದೆ ಬದಿ. ನಡುವಿನ ನಾಲ್ಕಡಿಯನ್ನು ಮಡಿ ಹೆಂಗಸರು ಅಡಿಗೆಮನೆಯ ಹೊಸ್ತಿಲನ್ನು ಕಾಯುವ ಹಾಗೆ ಕಾಯಬೇಕು. ಟ್ರೇ ಮುಟ್ಟಿದ ಕೈಯನ್ನು ತೊಳೆದು, ಟವೆಲಿನಲ್ಲಿ ಒರೆಸಿ, ಒಣಗಿದ ಮೇಲೆಯೇ ಪೇಪರಿನ ಡಬ್ಬಿಗೆ ಕೈ. ಟ್ರೇಯ ದ್ರಾವಣ ಹತ್ತಿದ ಬೆರಳು ಹೊಸ ಪೇಪರಿಗೆ ತಾಗಿದರೆ ಆ ಬೆರಳಚ್ಚು ಚಿತ್ರದಲ್ಲಿ ಖಾಯಂ. ಪ್ರತಿ ಟ್ರೇಗೂ ಅದರದೇ ಚಿಮಟ. ಒಂದರದು ಇನ್ನೊಂದಕ್ಕೆ ಅದ್ದುವಂತಿಲ್ಲ.

ಮೂರು ಟ್ರೇಗಳಲ್ಲಿ ಮೊದಲನೆಯದು ಡೆವಲಪರ್, ಚಿತ್ರವನ್ನು ಹೊರತರುವ ದ್ರಾವಣ. ಈಗ ಪ್ಯಾಕೆಟ್ಟಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಮೇಷ್ಟ್ರು ಮಾತ್ರ ತಕ್ಕಡಿಯಲ್ಲಿ ತೂಗಿ ತಾವೇ ಕಲಸುತ್ತಾರೆ. ಕೊಡಾಕ್ ಕಂಪನಿಯ ಡಿ-72 ಎಂಬ ಹಳೆಯ ಪಾಕ: ಒಂದು ಲೀಟರಿಗೆ 3 ಗ್ರಾಂ ಮೆಟಾಲ್, 45 ಗ್ರಾಂ ಸೋಡಿಯಂ ಸಲ್ಫೈಟ್, 12 ಗ್ರಾಂ ಹೈಡ್ರೋಕ್ವಿನೋನ್, 80 ಗ್ರಾಂ ಸೋಡಿಯಂ ಕಾರ್ಬೊನೇಟ್, 2 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್. ಬಳಸುವಾಗ ಒಂದು ಪಾಲಿಗೆ ಎರಡು ಪಾಲು ನೀರು. ಮೆಟಾಲ್ ಬೇಗ ಕೆಲಸ ಶುರುಮಾಡಿ ತೆಳು ಬೂದುಗಳನ್ನು ಎಬ್ಬಿಸುತ್ತದೆ. ಹೈಡ್ರೋಕ್ವಿನೋನ್ ನಿಧಾನಕ್ಕೆ ಬಂದು ಕಪ್ಪಿಗೆ ತೂಕ ಕೊಡುತ್ತದೆ. ಕಾರ್ಬೊನೇಟ್ ಎಂದರೆ ಬಟ್ಟೆಸೋಡಾ; ಅದರ ಕ್ಷಾರವಿಲ್ಲದೆ ಇವೆರಡೂ ಏಳುವುದಿಲ್ಲ. ಸಲ್ಫೈಟ್ ದ್ರಾವಣ ಬೇಗ ಕೆಡದಂತೆ ಕಾಯುತ್ತದೆ. ಬ್ರೋಮೈಡ್ ಮನೆಗೊಬ್ಬ ಹಿರಿಯನಿದ್ದ ಹಾಗೆ. ಬೆಳಕು ಬೀಳದ ಜಾಗವೂ ಕಪ್ಪಾಗಲು ಹೊರಟರೆ ತಡೆಯುತ್ತದೆ. ಬೆರೆಸುವುದಕ್ಕೂ ಸರದಿ ಇದೆ. ಸಲ್ಫೈಟ್ ತುಂಬಿದ ನೀರಿನಲ್ಲಿ ಮೆಟಾಲ್ ಕರಗಲು ಒಪ್ಪುವುದಿಲ್ಲ, ಆದ್ದರಿಂದ ಮೊದಲ ಪಂಕ್ತಿ ಮೆಟಾಲಿನದು.

ಎರಡನೆಯ ಟ್ರೇಯಲ್ಲಿ ವಿನಿಗರ್ ವಾಸನೆಯ ತೆಳು ಅಸಿಟಿಕ್ ಆಮ್ಲ. ಮೂರನೆಯದು ಹೈಪೊ, ಚಿತ್ರವನ್ನು ನಿಲ್ಲಿಸುವ ದ್ರಾವಣ. ಕಲ್ಲುಸಕ್ಕರೆಯಂಥ ಅದರ ಹರಳನ್ನು ಲೀಟರಿಗೆ ಕಾಲು ಕೆ.ಜಿ.ಯ ಲೆಕ್ಕದಲ್ಲಿ ನೀರಿಗೆ ಹಾಕಿದಾಗ ಒಂದು ಸೋಜಿಗ ನಡೆಯುತ್ತದೆ: ಕರಗುತ್ತಾ ಕರಗುತ್ತಾ ನೀರು ಐಸಿನಂತೆ ತಣ್ಣಗಾಗುತ್ತದೆ. ಮೇಷ್ಟ್ರು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಮುಟ್ಟಿಸಿದರು. ಎಂಟನೆಯ ತರಗತಿಯ ಹುಡುಗರಿಗೆ ತೋರಿಸುತ್ತಿದ್ದ ಪ್ರಯೋಗವಂತೆ.

ತಣ್ಣಗಿನ ಮಾತು ಬಂದದ್ದರಿಂದ ಹೇಳಬೇಕು. ಡೆವಲಪರ್ ಬಯಸುವುದು 20 ಡಿಗ್ರಿ ಸೆಲ್ಸಿಯಸ್. ಬಹಳ ತಂಪಾದರೆ ಹೈಡ್ರೋಕ್ವಿನೋನ್ ಮಲಗಿಬಿಡುತ್ತದೆ, ಬಿಸಿಯಾದರೆ ಅವಸರ ಮಾಡುತ್ತದೆ. ಮೈಸೂರಿನ ಡಿಸೆಂಬರ್ ರಾತ್ರಿಗಳಲ್ಲಿ ನಲ್ಲಿ ನೀರು ತಾನಾಗಿಯೇ ಆ ಹದಕ್ಕೆ ಹತ್ತಿರ ಇರುತ್ತದೆ. ಏಪ್ರಿಲಿನಲ್ಲಿ ಬಿಸಿಲಿಗೆ ಟ್ಯಾಂಕು ಕಾದು, ರಾತ್ರಿ ಹತ್ತಕ್ಕೂ ನೀರು ಬೆಚ್ಚಗೆ ಬರುತ್ತದೆ. ಆಗ ದೊಡ್ಡ ಬೇಸಿನ್ನಿನಲ್ಲಿ ಐಸು ಹಾಕಿ, ಅದರೊಳಗೆ ಟ್ರೇ ಇಟ್ಟು, ಥರ್ಮಾಮೀಟರು ನೋಡುತ್ತಾ ಕೂರಬೇಕು. ಕೊಳವೆಬಾವಿಯ ಗಡಸು ನೀರನ್ನು ಮೇಷ್ಟ್ರು ಈ ಕೆಲಸಕ್ಕೆ ಸೇರಿಸುವುದಿಲ್ಲ. ಒಣಗಿದ ಮೇಲೆ ಸುಣ್ಣದ ಬಿಳಿ ಕಲೆ ಬಿಡುತ್ತದೆ. ಕಾವೇರಿ ನೀರನ್ನೇ ಬಟ್ಟೆಯಲ್ಲಿ ಸೋಸಿ ಹಿಡಿದಿಡುತ್ತಾರೆ.

ಈಗ ನೆಗೆಟಿವ್. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಸ್ಟೀಲ್ ಡಬ್ಬಿಯಿಂದ ಅದು ಹೊರಬಂತು. ಹಾಗೆ ಇಡದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. 24 ಮಿಲಿಮೀಟರು ಅಗಲ, 36 ಉದ್ದ, ಅಂಚೆಚೀಟಿಯಷ್ಟು ಫಿಲಂ. ಅದರಲ್ಲಿ ಜಗತ್ತು ತಿರುಗಾಮುರುಗಾ. ಬೆಟ್ಟದ ಮೆಟ್ಟಿಲ ದಾರಿಯಲ್ಲಿ, ಸಾವಿರ ಮೆಟ್ಟಿಲಲ್ಲಿ ಸುಮಾರು ಏಳುನೂರನೆಯದರ ಹತ್ತಿರ ಕೂತಿರುವ ಆ ಏಕಶಿಲೆಯ ನಂದಿ 17ನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕಡೆದದ್ದು. ಎತ್ತರ 15 ಅಡಿಗೂ ಮಿಕ್ಕು. ಎಣ್ಣೆ ಕುಡಿದು ಕುಡಿದು ಕರ್ರಗೆ ಹೊಳೆಯುವ ಆ ಮೈ ನೆಗೆಟಿವ್‌ನಲ್ಲಿ ಗಾಜಿನಂತೆ ತಿಳಿ. ಬೆನ್ನ ಹಿಂದಿನ ಬೆಳಗಿನ ಆಕಾಶ ಮಸಿಯಂತೆ ಕಪ್ಪು. ತಿಳಿಯಾದಲ್ಲಿ ಬೆಳಕು ಧಾರಾಳವಾಗಿ ಹಾದು ಪೇಪರನ್ನು ಕಪ್ಪು ಮಾಡುತ್ತದೆ. ಕಪ್ಪಿರುವಲ್ಲಿ ಬೆಳಕಿಗೆ ತಡೆಬಿದ್ದು ಪೇಪರು ಬೆಳ್ಳಗೆ ಉಳಿಯುತ್ತದೆ. ಹೀಗೆ ತಿರುಗಿದ್ದು ಮತ್ತೊಮ್ಮೆ ತಿರುಗಿ ನೇರವಾಗುತ್ತದೆ.

ಕಪ್ಪು ಕಲ್ಲು, ಬೆಳ್ಳನೆ ಆಕಾಶ. ಈ ನೆಗೆಟಿವ್ ಮೇಷ್ಟ್ರನ್ನು ಹಲವು ವರ್ಷದಿಂದ ಸತಾಯಿಸುತ್ತಿದೆ. ಕಲ್ಲಿನ ಕೊರಳಿನಲ್ಲಿ ಕಡೆದ ಗಂಟೆಸರಗಳು ಕಾಣಬೇಕೆಂದು ಬೆಳಕು ಕಮ್ಮಿ ಕೊಟ್ಟರೆ ಆಕಾಶ ಬರೀ ಕಾಗದ. ಆಕಾಶಕ್ಕೆ ಮೋಡ ಬರಲೆಂದು ಹೆಚ್ಚು ಕೊಟ್ಟರೆ ನಂದಿ ಇದ್ದಿಲ ಗುಡ್ಡೆ.

ನೆಗೆಟಿವ್‌ನ ಮೇಲಿನ ಧೂಳನ್ನು ಅವರು ಮೆತ್ತನೆಯ ಕುಂಚದಿಂದ ಸವರಿ, ರಬ್ಬರ್ ಬುಡ್ಡಿಯಿಂದ ಊದಿ, ದೀಪದ ಓರೆ ಬೆಳಕಿಗೆ ಹಿಡಿದು, ಮತ್ತೆ ಊದಿದರು. 8×10 ಅಂಗುಲದ ಪೇಪರಿಗೆ ಚಿತ್ರ ಎಂಟು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ; ಕಣ್ಣಿಗೆ ಕಾಣದ ಧೂಳಿನ ಎಳೆ ಪ್ರಿಂಟಿನಲ್ಲಿ ಬಿಳಿ ಹುಳುವಾಗಿ ಮಲಗಿರುತ್ತದೆ.

ಎನ್‌ಲಾರ್ಜರ್ ಎಂದರೆ ಕಂಬಕ್ಕೆ ತಲೆಕೆಳಗಾಗಿ ಕಟ್ಟಿದ ಪ್ರೊಜೆಕ್ಟರ್ ಎನ್ನಬಹುದು. ಮೇಲೆ ಹಾಲುಗಾಜಿನ ಬಲ್ಬು, ಕೆಳಗೆ ನೆಗೆಟಿವ್ ಹಿಡಿಯುವ ಚೌಕಟ್ಟು, ಅದರ ಕೆಳಗೆ ಲೆನ್ಸು. ನೆಗೆಟಿವ್‌ನ ಮಂಕು ಮುಖ ಕೆಳಗಿರಬೇಕು. ತಿರುವಿದರೆ ನಂದಿ ಎಡದಿಂದ ಬಲಕ್ಕೆ ತಿರುಗಿಬಿಡುತ್ತಾನೆ. ತಲೆಯನ್ನು ಕಂಬದ ಮೇಲೆ ಏರಿಸಿದಷ್ಟೂ ಚಿತ್ರ ದೊಡ್ಡದು, ಬೆಳಕು ತೆಳ್ಳಗೆ. ಉದ್ದಗಲ ಎರಡರಷ್ಟಾದರೆ ಬೇಕಾದ ಬೆಳಕು ನಾಲ್ಕರಷ್ಟು. ಲೆನ್ಸನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಎರಡು ಮೆಟ್ಟಿಲು ಕಿರಿದು ಮಾಡಿದರು. ಫೋಕಸ್ ನೋಡುವುದು ನಂದಿಯ ಕಣ್ಣಿನಲ್ಲಲ್ಲ, ಫಿಲಂನ ಬೆಳ್ಳಿಯ ಕಾಳಿನಲ್ಲಿ. ಅದಕ್ಕೊಂದು ಸಣ್ಣ ಭೂತಗನ್ನಡಿ ಉಂಟು. ರವೆಯಂಥ ಕಾಳು ಬಿಡಿಬಿಡಿಯಾಗಿ ಕಂಡರೆ ಚಿತ್ರ ಚುರುಕು.

ಬಲ್ಬಿನ ತಂತಿ ಹೋಗುವುದು ನೇರ ಗೋಡೆಗಲ್ಲ, ಹಳೆಯ ಟಿ.ವಿ.ಯ ಸ್ಟೆಬಿಲೈಸರಿಗೆ. ಸಂಜೆ ಎಲ್ಲ ಮನೆಯಲ್ಲೂ ಮಿಕ್ಸಿ, ಮೋಟಾರು ಓಡುವಾಗ ವೋಲ್ಟೇಜು ಇಳಿದು ಬಲ್ಬು ಮಂಕಾಗುತ್ತದೆ. ನಿನ್ನೆಯ 12 ಸೆಕೆಂಡು ಇಂದಿನ 12 ಸೆಕೆಂಡಿಗೆ ಸಮವಾಗದಿದ್ದರೆ ಲೆಕ್ಕವೆಲ್ಲ ವ್ಯರ್ಥ. ಇವರು ರಾತ್ರಿ ಹತ್ತರ ಮೇಲೆ ಪ್ರಿಂಟು ಮಾಡುವುದಕ್ಕೆ ತಂಪು ಒಂದು ಕಾರಣವಾದರೆ ಇದು ಇನ್ನೊಂದು.

ಪೇಪರಿನ ಡಬ್ಬಿ ತೆರೆಯುವ ಮುಂಚೆ ಅದು ಎಲ್ಲಿಂದ ಬಂತೆಂದು ನೋಡಬೇಕು. ಒಂದು ಕಾಲಕ್ಕೆ ಮೈಸೂರಿನವರಿಗೆ ಫೋಟೋ ಪೇಪರು ನೆರೆಮನೆಯ ಸರಕು. ಕಾಡು ದಾಟಿ ಘಟ್ಟ ಹತ್ತಿದರೆ ಊಟಿ. ಅಲ್ಲಿ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಆರಂಭಿಸಿದ ಈ ಕಾರ್ಖಾನೆ ‘ಇಂದು’ ಎಂಬ ಹೆಸರಿನಲ್ಲಿ ಫಿಲಂ, ಪೇಪರು, ಎಕ್ಸ್-ರೇ ಹಾಳೆಗಳನ್ನು ದೇಶಕ್ಕೆಲ್ಲ ಕಳಿಸುತ್ತಿತ್ತು. ಫಿಲಂ ತಯಾರಿಕೆಗೆ ಧೂಳಿಲ್ಲದ ಗಾಳಿ, ತಂಪು, ಧಾರಾಳ ನೀರು ಮೂರೂ ಬೇಕು. ನೀಲಗಿರಿಯಲ್ಲಿ ಮೂರೂ ಇದ್ದವು. ಆಮೇಲೆ ಸಾಲ ಬೆಳೆಯಿತು, ಡಿಜಿಟಲ್ ಬಂತು, ಯಂತ್ರಗಳು ನಿಂತವು. ಈಗ ಪೇಪರು ಇಂಗ್ಲೆಂಡಿನ ಇಲ್ಫರ್ಡ್ ಅಥವಾ ಚೆಕ್ ದೇಶದ ಫೋಮಾ. ಸಮುದ್ರ ದಾಟಿ ಬರುವ ಹಾಳೆಯ ಬೆಲೆ ತೆತ್ತವರಿಗೇ ಗೊತ್ತು. ಮೇಷ್ಟ್ರ ಬಳಿ ‘ಇಂದು’ವಿನ ಒಂದು ಖಾಲಿ ಡಬ್ಬಿ ಉಳಿದಿದೆ. ಅದರಲ್ಲಿ ಈಗ ಪೇಪರಿನ ತುಂಡುಗಳು.

ಹಾಳೆಯೂ ಬರೀ ಕಾಗದವಲ್ಲ. ದಪ್ಪ ಕಾಗದದ ಮೇಲೆ ಬೇರಿಯಂ ಸಲ್ಫೇಟಿನ ಬಿಳಿ ಲೇಪ. ಬಿಳುಪಿನ ಹೊಳಪು ಬರುವುದು ಅದರಿಂದ. ಅದರ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಟ್ಟುಕೊಂಡ ಜೆಲಟಿನ್ ಪೊರೆ. ಪೇಪರಿಗೆ ಗ್ರೇಡುಗಳುಂಟು. ಕಮ್ಮಿ ಅಂಕೆಯದು ಸಾಫ್ಟ್. ಕಪ್ಪು-ಬಿಳುಪಿನ ನಡುವೆ ಬೂದಿಯ ಹಲವು ಮೆಟ್ಟಿಲು ಕೊಡುತ್ತದೆ. ಹೆಚ್ಚು ಅಂಕೆಯದು ಹಾರ್ಡ್. ಕಪ್ಪು ಎಂದರೆ ಕಪ್ಪು, ಬಿಳುಪು ಎಂದರೆ ಬಿಳುಪು. ಮೋಡದ ದಿನದ ಸಪ್ಪೆ ನೆಗೆಟಿವ್‌ಗೆ ಹಾರ್ಡ್, ಉರಿಬಿಸಿಲಿನದಕ್ಕೆ ಸಾಫ್ಟ್. ಸಾರಿಗೆ ಉಪ್ಪು-ಹುಳಿ ಹೊಂದಿಸಿದ ಹಾಗೆ ಇದೊಂದು ಸರಿದೂಗಿಸುವ ಕೆಲಸ. ಈಗಿನ ಮಲ್ಟಿಗ್ರೇಡ್ ಪೇಪರಿನಲ್ಲಿ ಒಂದೇ ಹಾಳೆಗೆ ಬಣ್ಣದ ಫಿಲ್ಟರು ಬದಲಿಸಿ ಎಲ್ಲ ಗ್ರೇಡೂ ಪಡೆಯಬಹುದು. ನಂದಿಗೆ ಅವರು ಆರಿಸಿದ್ದು 2ನೆಯ ಗ್ರೇಡಿನ ಫಿಲ್ಟರು.

ಹಾಳೆ ದುಬಾರಿಯಾದ್ದರಿಂದ ಮೊದಲು ಎರಡು ಬೆರಳಗಲದ ಪಟ್ಟಿ. ಇದು ಟೆಸ್ಟ್ ಸ್ಟ್ರಿಪ್. ಪಟ್ಟಿಯನ್ನು ನಂದಿಯ ಕೊರಳಿನಿಂದ ಆಕಾಶದವರೆಗೆ ಓರೆಯಾಗಿ ಇಟ್ಟು, ಇಡಿಯಾಗಿ 3 ಸೆಕೆಂಡು ಬೆಳಕು ಕೊಟ್ಟರು. ರಟ್ಟಿನಿಂದ ಒಂದು ಅಂಗುಲ ಮುಚ್ಚಿ ಇನ್ನೂ 3. ಮತ್ತೊಂದು ಅಂಗುಲ, ಮತ್ತೆ 3. ತೊಳೆದಾಗ ಏಣಿಯ ಮೆಟ್ಟಿಲಿನಂತೆ ಆರು ಪಟ್ಟೆ: 3, 6, 9, 12, 15, 18. ಹೈಪೊದಲ್ಲಿ ಒಂದು ನಿಮಿಷ ಅದ್ದಿದ ಮೇಲೆ ಬಿಳಿ ದೀಪ ಹಾಕಿ ನೋಡಬಹುದು. ಕಲ್ಲಿಗೆ 9 ಹಿತ, ಆಕಾಶಕ್ಕೆ 18 ಕೂಡ ಸಾಲದು. ಒಟ್ಟು ಚಿತ್ರಕ್ಕೆ 12 ಎಂದು ಹಿಡಿದರು. ಉಳಿದದ್ದು ಕೈಯ ಕೆಲಸ.

ಈ ಕೈಯ ಕೆಲಸ ನೋಡಲಿಕ್ಕೇ ನಾನು ಹೋದದ್ದು. ಮೇಷ್ಟ್ರ ಗೋಡೆಯ ಮೊಳೆಗೆ ಐದಾರು ಸೈಕಲ್ ಕಡ್ಡಿಗಳು ತೂಗುತ್ತಿದ್ದವು. ಒಂದೊಂದರ ತುದಿಗೂ ಕರಿ ರಟ್ಟಿನ ಒಂದೊಂದು ಆಕಾರ: ಗುಂಡು, ಮೊಟ್ಟೆ, ಎಲೆ. ಒಂದು ಮಾತ್ರ ನಂದಿಯ ಮುಖ ಮತ್ತು ಕೊರಳಿನ ಆಕಾರ, ಆದರೆ ಅದಕ್ಕಿಂತ ಚಿಕ್ಕದು. ಪೇಪರು ಇಟ್ಟಾಯಿತು. ಲೆನ್ಸಿನ ಕೆಳಗೆ ಕರಿ ರಟ್ಟು ಅಡ್ಡ ಹಿಡಿದು ಬಲ್ಬು ಹೊತ್ತಿಸಿದರು. ಸ್ವಿಚ್ಚು ಒತ್ತಿದ ಅದುರು ಅಡಗಲೆಂದು ಎರಡು ಕ್ಷಣ ಕಾದರು. ರಟ್ಟು ಸರಿಯಿತು. ಗೋಡೆ ಗಡಿಯಾರದ ಸೆಕೆಂಡು ಮುಳ್ಳಿನ ಸದ್ದಿಗೆ ಸರಿಯಾಗಿ ಮೇಷ್ಟ್ರು ಎಣಿಸತೊಡಗಿದರು: ಒಂದು, ಎರಡು... ಎರಡು ಕೈಗೂ ಕೆಲಸವಿರುವಾಗ ಕಣ್ಣು ಗಡಿಯಾರ ನೋಡುವಂತಿಲ್ಲ, ಕಿವಿಯೇ ಲೆಕ್ಕ ಇಡಬೇಕು. ಆರಕ್ಕೆ ಬಂದಾಗ ಸೈಕಲ್ ಕಡ್ಡಿ ಬೆಳಕಿನೊಳಗೆ ಬಂತು. ಪೇಪರಿನಿಂದ ಒಂದು ಗೇಣು ಮೇಲೆ, ನಂದಿಯ ಕೊರಳಿಗೆ ನೆರಳು. ನೆರಳು ಒಂದೆಡೆ ನಿಲ್ಲುವುದಿಲ್ಲ. ಬೆಣ್ಣೆ ಕಡೆಯುವ ಹಾಗೆ ಸಣ್ಣಗೆ ಸುತ್ತುತ್ತಲೇ ಇರುತ್ತದೆ. ನಿಂತರೆ ಅದರ ಅಂಚು ಚಿತ್ರದಲ್ಲಿ ಗೆರೆಯಾಗಿ ಕೂರುತ್ತದೆ, ನಂದಿಯ ಸುತ್ತ ಪ್ರಭಾವಳಿ ಬಂದಂತಾಗುತ್ತದೆ. ಒಂಬತ್ತಕ್ಕೆ ಕಡ್ಡಿ ಹೊರಗೆ. ಹನ್ನೆರಡಕ್ಕೆ ರಟ್ಟು ಅಡ್ಡ. ಹೀಗೆ ಕೊರಳಿಗೆ ಸಿಕ್ಕಿದ್ದು ಒಂಬತ್ತೇ ಸೆಕೆಂಡು. ಇದಕ್ಕೆ ಡಾಡ್ಜಿಂಗ್ ಎನ್ನುತ್ತಾರೆ, ಮರೆ ಹಿಡಿಯುವುದು.

ಆಮೇಲೆ ಬರ್ನಿಂಗ್, ಹೆಚ್ಚಿನ ಬೆಳಕು ಉಣಿಸುವುದು. ಇದಕ್ಕೆ ಹತಾರವಿಲ್ಲ. ಎರಡೂ ಅಂಗೈ ಜೋಡಿಸಿ, ಬೆರಳು ಬಾಗಿಸಿ, ನಂದಿಯ ಬೆನ್ನಿನ ಡುಬ್ಬಕ್ಕೆ ಸರಿಹೊಂದುವ ವಕ್ರ ಮಾಡಿಕೊಂಡರು. ಕೈಯ ಕೆಳಗೆ ನಂದಿ ಕತ್ತಲಾದ, ಮೇಲೆ ಆಕಾಶ ಮಾತ್ರ ಉಳಿಯಿತು. ಇನ್ನೂ 10 ಸೆಕೆಂಡು. ಕೈ ಏರುತ್ತಾ ಇಳಿಯುತ್ತಾ, ಡುಬ್ಬದ ಅಂಚಿನಲ್ಲಿ ಬೆಳಕನ್ನು ಮೆತ್ತಗೆ ಸವರುತ್ತಾ. ಅರವತ್ತು ದಾಟಿದ ಕೈ ಆ ಹತ್ತು ಸೆಕೆಂಡಿನಲ್ಲಿ ಒಮ್ಮೆಯೂ ನಡುಗಲಿಲ್ಲ. ಕೆಳಗೆ ಪೇಪರು ಮಾತ್ರ ಮೊದಲಿದ್ದಂತೆಯೇ ಬೆಳ್ಳಗಿತ್ತು. ಇಷ್ಟೆಲ್ಲ ಆದದ್ದಕ್ಕೆ ಅದರ ಮೇಲೆ ಯಾವ ಗುರುತೂ ಇಲ್ಲ.

ಗುರುತು ಇದೆ, ಕಣ್ಣಿಗೆ ನಿಲುಕುವುದಿಲ್ಲ ಅಷ್ಟೆ. ಬೆಳಕು ತಾಗಿದ ಒಂದೊಂದು ಲವಣದ ಕಣದಲ್ಲೂ ಬೆಳ್ಳಿಯ ನಾಲ್ಕಾರು ಪರಮಾಣು ಬಿಡಿಸಿಕೊಂಡಿರುತ್ತವೆ. ಡೆವಲಪರ್ ಆ ಸುಳಿವು ಹಿಡಿದು ಹೋಗಿ, ಕೋಟಿಗಟ್ಟಲೆ ಪರಮಾಣುಗಳ ಆ ಇಡೀ ಕಣವನ್ನು ಬೆಳ್ಳಿಯಾಗಿಸುತ್ತದೆ. ನುಣ್ಣಗೆ ಒಡೆದ ಬೆಳ್ಳಿ ಹೊಳೆಯುವುದಿಲ್ಲ; ಕಪ್ಪಾಗಿ ಕಾಣುತ್ತದೆ. ಫೋಟೋದ ಕಪ್ಪು ಎಂದರೆ ಬೆಳ್ಳಿಯೇ.

ಪೇಪರನ್ನು ಮೊದಲ ಟ್ರೇಗೆ ಒಂದೇ ಸಲ ಜಾರಿಸಿ, ಟ್ರೇಯ ಮೂಲೆ ಎತ್ತಿ ಇಳಿಸಿ ತೂಗತೊಡಗಿದರು. ಹದಿನೈದಿಪ್ಪತ್ತು ಸೆಕೆಂಡಿಗೆ ಕೊಂಬಿನ ಬುಡದಲ್ಲಿ ಒಂದು ಬೂದಿ ಕಲೆ. ಆಮೇಲೆ ಹೊಟ್ಟೆಯ ಅಡಿಯ ನೆರಳು, ಗೊರಸು, ಗಂಟೆಯ ಸಾಲು. ಡಾರ್ಕ್‌ರೂಮಿಗೆ ಹೋಗಿಬಂದವರೆಲ್ಲ ಬಾಯಿ ತುಂಬ ಹೇಳುವುದು ಈ ಗಳಿಗೆಯನ್ನೇ. ನಾನೂ ಸ್ಟೂಲಿನಿಂದ ಎದ್ದುಬಿಟ್ಟಿದ್ದೆ. ಮೇಷ್ಟ್ರು ಮಾತ್ರ ಚಿತ್ರದ ಕಡೆ ನೋಡುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಒಂದು ನಿಮಿಷಕ್ಕೆ ನಂದಿ ಪೂರ್ತಿ ಬಂದಂತೆ ಕಂಡಿತು. ಒಂದೂಕಾಲಿಗೆ ಅತಿಯಾಯಿತು, ಕಪ್ಪಾಗುತ್ತಿದೆ ಎನ್ನಿಸಿತು.

“ತೆಗೀರಿ ಮೇಷ್ಟ್ರೇ, ಕಪ್ಪಾಯ್ತು” ಎಂದೆ.

“ಕೆಂಪು ದೀಪದ ಮಾತು ಕೇಳ್ಬೇಡಿ. ಅದು ಎಲ್ಲಾನೂ ಕಪ್ಪು ಮಾಡೇ ತೋರ್ಸೋದು” ಎಂದರು. ಟ್ರೇ ತೂಗುತ್ತಲೇ ಇತ್ತು, ಪೂರ್ತಿ ಎರಡು ನಿಮಿಷ.

ಹೊಸಬರೆಲ್ಲ ಎಡವುವುದು ಇಲ್ಲೇ. ಮಂದ ಕೆಂಪು ಬೆಳಕಿನಲ್ಲಿ ಪ್ರಿಂಟು ಇರುವುದಕ್ಕಿಂತ ಗಾಢವಾಗಿ ಕಾಣುತ್ತದೆ. ಗಾಬರಿಯಾಗಿ ಬೇಗ ಎತ್ತಿದರೆ, ಬಿಳಿ ದೀಪದಲ್ಲಿ ನೋಡುವಾಗ ಬೆಂದೂ ಬೇಯದ ಅನ್ನದಂತೆ ಮಂಕು ಮಂಕು. ಚಿತ್ರ ಕಪ್ಪಾದರೆ ಮುಂದಿನ ಹಾಳೆಗೆ ಬೆಳಕು ಕಡಿಮೆ ಮಾಡಬೇಕೇ ಹೊರತು ಡೆವಲಪರಿನ ಹೊತ್ತನ್ನು ಕದಿಯಬಾರದು. ಇಷ್ಟು ವರ್ಷದ ಅನುಭವದ ಮೇಷ್ಟ್ರೂ ಕಣ್ಣನ್ನು ನಂಬದೆ ಗಡಿಯಾರವನ್ನು ನಂಬುತ್ತಾರೆ ಎಂಬುದು ನನಗೆ ಆ ರಾತ್ರಿ ಚಿತ್ರ ಮೂಡಿದ್ದಕ್ಕಿಂತ ಹೆಚ್ಚು ಬೆರಗು ತಂದಿತು.

ಎರಡನೆಯ ಟ್ರೇಯ ಆಮ್ಲದಲ್ಲಿ ಅರ್ಧ ನಿಮಿಷ; ಕ್ಷಾರ ಸತ್ತು ಡೆವಲಪರ್ ಅಲ್ಲೇ ನಿಲ್ಲುತ್ತದೆ. ಮೂರನೆಯದರಲ್ಲಿ ಹೈಪೊ. ಬೆಳಕು ಕಾಣದ ಲವಣ ಇನ್ನೂ ಪೇಪರಿನಲ್ಲೇ ಇದೆ. ಹಾಗೇ ಹೊರಗೆ ಒಯ್ದರೆ ಹಗಲಿನಲ್ಲಿ ಅದೂ ಕಪ್ಪಾಗಿ ಚಿತ್ರವನ್ನು ನುಂಗುತ್ತದೆ. ಅದನ್ನು ಕರಗಿಸಿ ತೆಗೆಯುವುದು ಹೈಪೊದ ಕೆಲಸ. ಈ ವಸ್ತು ಬೆಳ್ಳಿಯ ಲವಣವನ್ನು ಕರಗಿಸುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1819ರಲ್ಲೇ ಕಂಡುಕೊಂಡಿದ್ದ. ಅದರ ಉಪಯೋಗ ಒದಗಿದ್ದು ಇಪ್ಪತ್ತು ವರ್ಷದ ಮೇಲೆ, 1839ರಲ್ಲಿ, ಫೋಟೋಗ್ರಫಿ ಹುಟ್ಟಿ ಚಿತ್ರ ನಿಲ್ಲಿಸುವುದು ಹೇಗೆಂದು ಎಲ್ಲರೂ ತಿಣುಕುತ್ತಿದ್ದಾಗ. ರಸಾಯನಶಾಸ್ತ್ರದಲ್ಲಿ ಅದರ ಹೆಸರು ಸೋಡಿಯಂ ಥಯೋಸಲ್ಫೇಟ್ ಎಂದು ಬದಲಾಗಿ ಎಷ್ಟೋ ಕಾಲವಾಯಿತು. ಸ್ಟುಡಿಯೋದವರ ಬಾಯಲ್ಲಿ ಅದು ಇವತ್ತಿಗೂ ಹೈಪೊ.

ಬಳಸಿದ ಹೈಪೊವನ್ನು ಚರಂಡಿಗೆ ಚೆಲ್ಲುವುದಿಲ್ಲ. ಕರಗಿದ ಬೆಳ್ಳಿ ಅದರಲ್ಲಿರುತ್ತದೆ. ಸ್ಟುಡಿಯೋಗಳು ತುಂಬಿದ್ದ ಕಾಲದಲ್ಲಿ ಅದನ್ನು ಕ್ಯಾನುಗಟ್ಟಲೆ ಕೊಂಡು ಬೆಳ್ಳಿ ತೆಗೆಯುವವರಿದ್ದರು. ಮೇಷ್ಟ್ರ ಬಚ್ಚಲ ಮೂಲೆಯಲ್ಲೂ ಅಂಥದೊಂದು ಕ್ಯಾನು ಇದೆ. ತುಂಬಲು ಎರಡು ವರ್ಷ ಹಿಡಿಯುತ್ತದೆ.

ಮೊದಲ ಪ್ರಿಂಟು ಬಿಳಿ ದೀಪದಲ್ಲಿ ನೋಡಿದಾಗ ನನ್ನ ಕಣ್ಣಿಗೆ ತಪ್ಪೇನೂ ಕಾಣಲಿಲ್ಲ. ಮೇಷ್ಟ್ರು ಡುಬ್ಬದ ಮೇಲಿನ ಒಂದು ಅಂಗುಲವನ್ನು ತೋರಿಸಿದರು. ಕೈ ಚೂರು ಇಳಿದು, ಆಕಾಶಕ್ಕೆ ಕೊಟ್ಟ ಬೆಳಕು ಕಲ್ಲಿಗೂ ಬಿದ್ದಿತ್ತು. ಎರಡನೆಯದು ಮಾಡಿದರು; ಕೊರಳು ಬೂದಿಯಾಗಿ, ಕಲ್ಲು ಕಲ್ಲಾಗದೆ ಮಣ್ಣಾಯಿತು. ಮೂರನೆಯದಕ್ಕೆ ಬೆಳಕು ಕೊಡುತ್ತಿರುವಾಗ ಕರೆಂಟು ಹೋಯಿತು. ಎಂಟು ಸೆಕೆಂಡಿನಲ್ಲಿ ನಿಂತ ಹಾಳೆ. ಕತ್ತಲಲ್ಲಿ ಯಾರೂ ಮಾತಾಡಲಿಲ್ಲ. ಬಾಗಿಲಾಚೆ ಮನೆಯಾಕೆಯ ದನಿ: “ರೀ, ಬೆಳಿಗ್ಗೆ ಐದಕ್ಕೆ ಹಂಡೆಗೆ ಉರಿ ಹಾಕ್ಬೇಕು, ನೆನಪಿರ್ಲಿ.” ನಾಲ್ಕನೆಯ ಹಾಳೆ ಹೈಪೊದಿಂದ ಎದ್ದಾಗ ಹನ್ನೆರಡೂ ಕಾಲು. ಕಪ್ಪಿನೊಳಗೆ ಕಪ್ಪಾಗಿಯೇ ಗಂಟೆಗಳು ಒಂದೊಂದೂ ಬಿಡಿಸಿ ಕಾಣುತ್ತಿದ್ದವು. ಮೇಲೆ ತೆಳ್ಳನೆಯ ಮೋಡ.

ಇಂಥ ಕಪ್ಪನ್ನು ಓದಲು ಕಲಿಸಿದವರು ಈ ಊರಿನಲ್ಲೇ ಇದ್ದರು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ದೇಶವೆಲ್ಲ ಸುತ್ತಿ, 2009ರಲ್ಲಿ ಇಲ್ಲಿಯೇ ತೀರಿಕೊಂಡ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ತೆಗೆದ ಮಕ್ಕಳ ಚಿತ್ರಗಳನ್ನು, ಬೀದಿಯ ಜನರ ಚಿತ್ರಗಳನ್ನು ನೋಡಿದವರಿಗೆ ಬೂದು ಬಣ್ಣದಲ್ಲಿ ಎಷ್ಟು ನಮೂನೆ ಉಂಟೆಂದು ಗೊತ್ತಿರುತ್ತದೆ. ಅವರ ‘ಕಾಲಕ್ಕೆ ಕನ್ನಡಿ’ ಪುಸ್ತಕ ಮೇಷ್ಟ್ರ ಕಪಾಟಿನಲ್ಲಿದೆ. ರಾಜ್ಯದ ಹಣಕಾಸು ಮಂತ್ರಿಯಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಆನೆಯನ್ನೂ ಹುಲಿಯನ್ನೂ ಕಪ್ಪು-ಬಿಳುಪಿನಲ್ಲೇ ಹಿಡಿದವರು. ಆನೆಯ ಚರ್ಮದ ಕಪ್ಪೂ ಎಣ್ಣೆ ಹಚ್ಚಿದ ನಂದಿಯ ಕಪ್ಪೂ ಬೇರೆ ಬೇರೆ; ಪ್ರಿಂಟಿನಲ್ಲಿ ಆ ಬೇರೆತನ ಉಳಿಯದಿದ್ದರೆ ಎರಡೂ ಒಂದೇ ಮಸಿ.

ಪ್ರಿಂಟು ಆಯಿತು ಎಂದುಕೊಂಡರೆ ತೊಳೆಯುವುದು ಬಾಕಿ. ಹೈಪೊ ಕಾಗದದ ನಾರಿನೊಳಗೆ ಇಳಿದಿರುತ್ತದೆ. ಅದು ಪೂರ್ತಿ ಹೋಗದಿದ್ದರೆ ವರ್ಷಗಳ ಮೇಲೆ ಬೆಳ್ಳಿಯ ಜೊತೆ ಸೇರಿ ಕಂದು ಕಲೆ ಎಬ್ಬಿಸುತ್ತದೆ. ನಮ್ಮ ಮನೆಗಳ ಹಳೆಯ ಮದುವೆ ಆಲ್ಬಮ್ಮುಗಳಲ್ಲಿ ಮುಹೂರ್ತದ ಫೋಟೋ ಹಳದಿಗಟ್ಟಿ, ಅಜ್ಜನ ಪೇಟ ಮಾಸಿಹೋಗಿದ್ದರೆ ಬಹಳ ಸಲ ಕಾರಣ ವಯಸ್ಸಲ್ಲ. ಮದುವೆ ಸೀಸನ್ನಿನ ಅವಸರದಲ್ಲಿ ಸ್ಟುಡಿಯೋದ ಹುಡುಗ ಉಳಿಸಿದ ಅರ್ಧ ಗಂಟೆ. ಹರಿಯುವ ನೀರಿನಲ್ಲಿ ಒಂದು ಗಂಟೆ ಬಿಡುವುದು ಪುಸ್ತಕದ ವಿಧಾನ. ನೀರಿನ ಬೆಲೆ ಬಲ್ಲ ಮೇಷ್ಟ್ರು ಟ್ರೇ ತುಂಬಿಸಿ, ಐದು ನಿಮಿಷ ಬಿಟ್ಟು, ಚೆಲ್ಲಿ, ಮತ್ತೆ ತುಂಬಿಸುತ್ತಾರೆ; ಹನ್ನೆರಡು ಸಲ. ಹಾಳೆಯಿಂದ ತೊಟ್ಟಿಕ್ಕುವ ನೀರನ್ನು ಪೊಟ್ಯಾಸಿಯಂ ಪರ್ಮಾಂಗನೇಟಿನ ತೆಳು ಗುಲಾಬಿ ದ್ರಾವಣಕ್ಕೆ ಬಿಟ್ಟು ನೋಡುತ್ತಾರೆ. ಬಣ್ಣ ಅಳಿದರೆ ಹೈಪೊ ಇನ್ನೂ ಇದೆ, ಉಳಿದರೆ ಹೋಗಿದೆ. ಇದೆಲ್ಲ ಮುಗಿದಾಗ ಒಂದೂ ಮುಕ್ಕಾಲು.

ಹಿಂದೆ ಸ್ಟುಡಿಯೋಗಳಲ್ಲಿ ಒದ್ದೆ ಪ್ರಿಂಟನ್ನು ಟಾಲ್ಕ್ ಪುಡಿ ಉಜ್ಜಿದ ಗಾಜಿಗೆ ಮುಖ ಅಡಿ ಮಾಡಿ ಅಂಟಿಸಿ, ರೋಲರು ಉರುಳಿಸಿ, ಬಿಸಿಲಿಗೆ ಇಡುತ್ತಿದ್ದರು. ಒಣಗಿದಂತೆ ಚಟಚಟನೆ ತಾವಾಗಿ ಬಿಟ್ಟುಕೊಂಡು ಬೀಳುತ್ತಿದ್ದವು, ಕನ್ನಡಿಯಂತೆ ಹೊಳೆಯುತ್ತಾ. ಮೇಷ್ಟ್ರಿಗೆ ಆ ಹೊಳಪು ಇಷ್ಟವಿಲ್ಲ. ನೀರು ಇಳಿಸಿ, ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಹಾಕಿ ತೂಗಿಸುತ್ತಾರೆ.

ಬೆಳಿಗ್ಗೆ ನಾನು ಹೋದಾಗ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿತ್ತು, ಟ್ರೇಗಳು ಅಂಗಳದಲ್ಲಿ ಬೋರಲಾಗಿದ್ದವು. ಮೇಷ್ಟ್ರು ಜಗಲಿಯಲ್ಲಿ ಕನ್ನಡಕ ಏರಿಸಿ, ಮೈಸೂರು ಶೈಲಿಯ ಚಿತ್ರಗಾರರು ಬಳಸುವಂಥ ಅಳಿಲು ಕೂದಲಿನ ಸಣ್ಣ ಕುಂಚ ಹಿಡಿದು, ಧೂಳು ಬಿಟ್ಟ ಬಿಳಿ ಚುಕ್ಕೆಗಳಿಗೆ ಬೂದು ಬಣ್ಣ ತುಂಬುತ್ತಿದ್ದರು. ಇಷ್ಟು ಊದಿ ಸವರಿದ ಮೇಲೂ ನಾಲ್ಕು ಉಳಿದಿದ್ದವು. ಸುತ್ತಲಿನ ಬೂದಿಗಿಂತ ಒಂದು ಛಾಯೆ ತೆಳು ಬಣ್ಣದಿಂದ ಶುರುಮಾಡಿ, ಕುಂಚದ ತುದಿಯಿಂದ ಚುಚ್ಚಿ ಚುಚ್ಚಿ ಹೋಗಬೇಕು. ಎಳೆದರೆ ಗೆರೆ ಕಾಣುತ್ತದೆ.

ಬಿಸಿಲಿನಲ್ಲಿ ಹಿಡಿದು ನೋಡಿದೆ. ರಾತ್ರಿ ಒದ್ದೆಯಲ್ಲಿ ನೋಡಿದ್ದಕ್ಕಿಂತ ನಂದಿ ಒಂದು ಛಾಯೆ ಕಪ್ಪಾಗಿದ್ದ. ಕೊರಳಿನ ಕೆಳಗಿನ ಎರಡು ಗಂಟೆ ಕತ್ತಲಿಗೆ ಸೇರಿಹೋಗಿದ್ದವು. ಕಣ್ಣಿಗೆ ಮೋಸ ಮಾಡುವುದು ಕೆಂಪು ದೀಪ ಒಂದೇ ಅಲ್ಲ, ಒದ್ದೆ ಪೇಪರೂ ಮಾಡುತ್ತದೆ: ನೀರಿದ್ದಾಗ ಹೊಳೆದದ್ದು ಒಣಗಿದಾಗ ಇಂಗುತ್ತದೆ. ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಎಷ್ಟು ಇಂಗುತ್ತದೆ ಎಂಬುದು ಪೇಪರಿನ ಒಂದೊಂದು ಡಬ್ಬಿಗೂ ಬೇರೆ. ಈ ಡಬ್ಬಿ ಹೊಸದು.

ಅವರು ಪ್ರಿಂಟನ್ನು ತಿರುವಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದರು: ಗ್ರೇಡ್ 2, 12 ಸೆಕೆಂಡು, ಕೊರಳು 3 ಮರೆ, ಆಕಾಶ 10 ಹೆಚ್ಚು. ಅದರ ಕೆಳಗೆ ಇನ್ನೊಂದು ಸಾಲು, ‘ಕೊರಳಿಗೆ ಇನ್ನೂ ಅರ್ಧ ಸೆಕೆಂಡು ಮರೆ’. ಕಪಾಟಿನಿಂದ ಫೈಲು ತೆಗೆದು ಇದನ್ನೂ ಸೇರಿಸಿದರು. ಅದೇ ನಂದಿ, ಅದೇ ಬೆಳಗು; ಎಣಿಸಿದೆ, ಇದು ಹದಿನೇಳನೆಯದು.